ಕೊಡಗಿನಲ್ಲಿ ನಾಟಕಕ್ಕೆ ಲೈಟ್ ಕಟ್ಟುವುದು: ರಂಗದ ಎಲೆಕ್ಟ್ರಿಷಿಯನ್‌ಗೆ ಕೈಪಿಡಿ

ಮನೆ ವೈರಿಂಗ್ ಚೆನ್ನಾಗಿ ಬಲ್ಲವರು ನಾಟಕದ ಕೆಲಸಕ್ಕೆ ಬಂದಾಗ ಮೊದಲು ಎಡವುವುದು ಲೋಡಿನ ಲೆಕ್ಕದಲ್ಲಿ. ಒಂದು ಮನೆಯ ಒಟ್ಟು ಲೋಡು 3 ಕಿಲೋವಾಟ್ ಎಂದುಕೊಳ್ಳಿ. ಸಾಧಾರಣ ನಾಟಕದಲ್ಲಿ ಒಂದೇ ಪೈಪಿನ ಮೇಲೆ 6 ಕಿಲೋವಾಟ್ ನೇತಾಡುತ್ತಿರುತ್ತದೆ, ಅದೂ ನಿಮಿಷಕ್ಕೊಮ್ಮೆ ಏರುತ್ತಾ ಇಳಿಯುತ್ತಾ. ಮದುವೆ ಮಂಟಪಕ್ಕೆ ಸೀರಿಯಲ್ ಸೆಟ್ ಹಾಕುವವರಿಗೂ ಇದು ಹೊಸದೇ. ಅಲ್ಲಿ ಹತ್ತಿಸಿ ಬಿಟ್ಟರೆ ಬೆಳಗಿನವರೆಗೆ ಉರಿಯುತ್ತದೆ. ಇಲ್ಲಿ ಎರಡು ಗಂಟೆಯಲ್ಲಿ ಐವತ್ತು ಸಲ ಬದಲಾಗಬೇಕು.

ಮಡಿಕೇರಿ, ಗೋಣಿಕೊಪ್ಪ ದಸರಾದ ಮೆರವಣಿಗೆ ಮಂಟಪಗಳಲ್ಲಿ ಕೈ ಪಳಗಿಸಿಕೊಂಡ ಎಲೆಕ್ಟ್ರಿಷಿಯನ್‌ಗಳು ಕೊಡಗಿನಲ್ಲಿ ಬೇಕಾದಷ್ಟಿದ್ದಾರೆ. ಜನರೇಟರ್, ಟ್ರ್ಯಾಕ್ಟರ್ ಮೇಲಿನ ವೈರಿಂಗ್, ರಾತ್ರಿಯಿಡೀ ನಿಂತು ಕೆಲಸ, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಮಂಟಪದ ಬೆಳಕು ಜನರ ಕಣ್ಣು ಸೆಳೆಯಬೇಕು, ನಾಟಕದ ಬೆಳಕು ನಟನತ್ತ ಕಣ್ಣು ತಿರುಗಿಸಿ ತಾನು ಮರೆಯಲ್ಲಿರಬೇಕು. ಇಷ್ಟು ಹೊಂದಿಕೊಂಡರೆ ಉಳಿದದ್ದು ಕಲಿಯಬಹುದಾದ ಕೆಲಸವೇ. ಬುನಾದಿಗೆ ಐಟಿಐಯ 2 ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್, ಜೊತೆಗೆ ವೈರ್‌ಮನ್ ಪರ್ಮಿಟ್ ಇದ್ದರೆ ಒಳ್ಳೆಯದು. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕುವಾಗ ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಹೋಗಬೇಕಾಗುತ್ತದೆ.

ಜಾಗ ನೋಡುವುದು

ನಾಟಕಕ್ಕೆ ವಾರ ಮೊದಲೇ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಮಡಿಕೇರಿಯ ಕಾವೇರಿ ಕಲಾಕ್ಷೇತ್ರವಾಗಲಿ, ಗಾಂಧಿ ಮೈದಾನದ ಬಯಲು ವೇದಿಕೆಯಾಗಲಿ, ಯಾವುದೋ ಊರಿನ ಕೊಡವ ಸಮಾಜದ ಹಾಲ್ ಅಥವಾ ಶಾಲೆಯ ಅಂಗಳವಾಗಲಿ, ನೋಡಬೇಕಾದ್ದು ಒಂದೇ. ಸಪ್ಲೈ ಸಿಂಗಲ್ ಫೇಸೋ ತ್ರೀ ಫೇಸೋ, ಮೇನ್ ಸ್ವಿಚ್ ಎಷ್ಟು ಆಂಪಿನದು, ಅಲ್ಲಿಂದ ವೇದಿಕೆಗೆ ಕೇಬಲ್ ದಾರಿ ಎಷ್ಟು ಮೀಟರ್, ಲೈಟ್ ನೇತುಹಾಕಲು ಪೈಪ್ ಇದೆಯೇ, ಇದ್ದರೆ ನೆಲದಿಂದ ಎಷ್ಟು ಎತ್ತರ, ಕತ್ತಲಾಗಿಸಲು ಕಿಟಕಿಗಳಿಗೆ ಪರದೆ ಇದೆಯೇ. ಮೇನ್ ಬೋರ್ಡಿನ ಬಾಗಿಲು ತೆರೆದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ‘ಅದು ಫ್ಯೂಸಿನ ಕಟೌಟೋ, ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚೋ’ ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ಸಾಮಾನ್ಯ, ಜನರೇಟರ್ ಇಲ್ಲದೆ ನಾಟಕ ಒಪ್ಪಿಕೊಳ್ಳಬೇಡಿ. ದಸರಾ ಹೊತ್ತಿಗೆ ಜಿಲ್ಲೆಯ ಜನರೇಟರ್‌ಗಳೆಲ್ಲ ಮಂಟಪಗಳಿಗೆ ಹೋಗಿರುತ್ತವೆ, ಮೈಸೂರು ಅಥವಾ ಹುಣಸೂರಿನಿಂದ ತರಿಸಬೇಕಾದೀತು. ಏಪ್ರಿಲ್-ಮೇನಲ್ಲಿ ಮದುವೆಗಳ ಕಾಲ, ಆಗ ಹಾಲೂ ಸಿಗದು, ಬಾಡಿಗೆ ಲೈಟೂ ಸಿಗದು. ಫೆಬ್ರವರಿ-ಮಾರ್ಚ್‌ನಲ್ಲಿ ಬೇರೆ ತರಹದ ಕಾಟ. ಹೂಮಳೆ ತಡವಾದರೆ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡುತ್ತವೆ. ತೋಟದ ಲೈನಿನಲ್ಲೇ ಇರುವ ಹಾಲ್‌ನಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಆಶ್ಚರ್ಯಪಡಬೇಕಿಲ್ಲ.

190 ವೋಲ್ಟ್ ಎಂದರೆ ಏನು ನಷ್ಟ? ತಂತಿ ಬಲ್ಬಿನ (ಒಳಗಿನ ತಂತಿ ಕಾದು ಉರಿಯುವ ಬಲ್ಬಿನ) ಬೆಳಕು ವೋಲ್ಟೇಜಿನ ಸಮಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. 230ರಿಂದ 207ಕ್ಕೆ ಬಂದರೆ ಬೆಳಕು ಸುಮಾರು 30 ಶೇಕಡಾ ಕಡಿಮೆ. 190ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ, ಬಣ್ಣವೂ ಕೆಂಪು-ಹಳದಿಗೆ ತಿರುಗುತ್ತದೆ. ಮಧ್ಯಾಹ್ನ ಫೋಕಸ್ ಮಾಡಿ ಮೆಚ್ಚಿಕೊಂಡ ಬೆಳಗಿನ ದೃಶ್ಯ ಸಂಜೆ ಮುಸ್ಸಂಜೆಯಂತೆ ಕಂಡರೆ ಬೆಳಕು ಏರಿಸಿ ಇಳಿಸುವ ಡಿಮ್ಮರ್‌ಗೆ ಬೈದು ಫಲವಿಲ್ಲ. ಜಾಗ ನೋಡಲು ಹೋಗುವಾಗ ಸಂಜೆ 7ರ ಹೊತ್ತಿಗೇ ಹೋಗಿ, ಮೀಟರ್ ಇಟ್ಟು ನೋಡಿ. ನಾಟಕ ನಡೆಯುವುದೂ ಆ ಹೊತ್ತಿಗೇ ಅಲ್ಲವೇ.

ಲೋಡು ಮತ್ತು ಫೇಸ್ ಹಂಚಿಕೆ

1,000 ವಾಟಿನ ಪಾರ್ ಕ್ಯಾನ್ (ಡಬ್ಬಿಯಾಕಾರದ ರಂಗದ ಲೈಟು) 230 ವೋಲ್ಟಿನಲ್ಲಿ 4.35 ಆಂಪ್ ಎಳೆಯುತ್ತದೆ. ಸಣ್ಣ ನಾಟಕಕ್ಕೆ ಮುಂಬೆಳಕು 6, ಪಕ್ಕದಿಂದ 6, ಹಿಂಬೆಳಕು 6 ಎಂದು ಹಿಡಿದರೆ 18 ಕಿಲೋವಾಟ್. ಮೂರು ಫೇಸಿಗೆ ಸಮವಾಗಿ ಹಂಚಿದರೆ ಫೇಸಿಗೆ 6 ಕಿಲೋವಾಟ್, ಅಂದರೆ 26 ಆಂಪ್. ಕಾಗದದ ಮೇಲೆ ಇದು ಚೆಂದ.

ಹಂಚುವ ರೀತಿಯಲ್ಲಿ ಮಾತ್ರ ತಪ್ಪಾಗುತ್ತದೆ. ಮುಂಬೆಳಕೆಲ್ಲ ಆರ್ ಫೇಸಿಗೆ, ಪಕ್ಕದ್ದೆಲ್ಲ ವೈಗೆ, ಹಿಂಬೆಳಕೆಲ್ಲ ಬಿಗೆ ಎಂದು ಹಾಕಿದರೆ ಜೋಡಿಸಲು ಸಲೀಸು. ಆದರೆ ರಾತ್ರಿಯ ದೃಶ್ಯದಲ್ಲಿ ನೀಲಿ ಹಿಂಬೆಳಕು ಮಾತ್ರ ಉರಿಯುವಾಗ ಒಂದೇ ಫೇಸಿನ 26 ಆಂಪ್ ಇಡಿಯಾಗಿ ನ್ಯೂಟ್ರಲ್‌ನಲ್ಲಿ ವಾಪಸು ಹೋಗುತ್ತದೆ. ಪ್ರತಿ ಗುಂಪಿನಿಂದ ಎರಡೆರಡು ಲೈಟನ್ನು ಒಂದೊಂದು ಫೇಸಿಗೆ ಕೊಡಿ. ಆಗ ಯಾವ ದೃಶ್ಯ ಬಂದರೂ ಮೂರು ಫೇಸ್ ಹೆಚ್ಚುಕಡಿಮೆ ಸಮ ಇರುತ್ತವೆ.

ಡಿಮ್ಮರ್ ಇರುವಲ್ಲಿ ನ್ಯೂಟ್ರಲ್ ಬಗ್ಗೆ ಇನ್ನೊಂದು ಮಾತು. ಲೈಟನ್ನು ಅರ್ಧಕ್ಕೆ ಇಳಿಸಿದಾಗ ಡಿಮ್ಮರ್ ಪ್ರತಿ ಅಲೆಯ ಅರ್ಧ ಭಾಗವನ್ನು ಕತ್ತರಿಸಿ ಕೊಡುತ್ತದೆ. ಹಾಗೆ ಕತ್ತರಿಸಿದ ಕರೆಂಟು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಪೂರ್ತಿ ಅಳಿಸಿಕೊಳ್ಳುವುದಿಲ್ಲ, ಮೂರು ಫೇಸ್ ಸಮವಿದ್ದರೂ ಕೂಡುತ್ತಾ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಫೇಸಿಗಿಂತ ಹೆಚ್ಚು ಆಂಪ್ ಹರಿಯುವುದೂ ಉಂಟು. ಆದ್ದರಿಂದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೂರೂವರೆ ಕೋರ್ ಕೇಬಲ್ ಈ ಕೆಲಸಕ್ಕೆ ಬೇಡ. ಅದರ ನ್ಯೂಟ್ರಲ್ ಫೇಸಿಗಿಂತ ತೆಳು. ನ್ಯೂಟ್ರಲ್ ಕನಿಷ್ಠ ಫೇಸಿನಷ್ಟೇ ದಪ್ಪ ಇರಲಿ, ಅರ್ಥ್‌ಗೆ ಬೇರೆಯೇ ತಂತಿ ಇರಲಿ.

ಮೇನ್ ಬೋರ್ಡಿನ ಮುಂದೆ, ಈ ಕ್ರಮದಲ್ಲೇ

1. ಹಾಲ್‌ನವರ ಎದುರಿನಲ್ಲೇ ಮೇನ್ ಆಫ್ ಮಾಡಿ, ಟೆಸ್ಟರ್ ಮಾತ್ರ ನಂಬದೆ ಮೀಟರಿನಿಂದ ಕರೆಂಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಟೆಸ್ಟರ್ ದೀಪ ತೇವದ ಕೈಯಲ್ಲಿ, ಬಿಸಿಲಲ್ಲಿ ಸುಳ್ಳು ಹೇಳುತ್ತದೆ.

2. ನಿಮ್ಮ ಕೇಬಲ್ ಸೇರಿಸುವ ಟರ್ಮಿನಲ್‌ನ ಸ್ಕ್ರೂ ಬಿಗಿ ನೋಡಿ. ಕಪ್ಪಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಬಣ್ಣ ಬದಲಿದ್ದರೆ ಅಲ್ಲಿ ಹಿಂದೆಯೇ ಬಿಸಿಯಾಗಿದೆ, ಇಂದೂ ಆಗುತ್ತದೆ.

3. ಮೊದಲು ಅರ್ಥ್, ಆಮೇಲೆ ನ್ಯೂಟ್ರಲ್, ಕೊನೆಗೆ ಮೂರು ಫೇಸ್ ಸೇರಿಸಿ. ಬಿಚ್ಚುವಾಗ ಇದರ ಉಲ್ಟಾ.

4. ಮೇನ್ ಆನ್ ಮಾಡಿ, ಲೋಡ್ ಹಾಕುವ ಮೊದಲೇ ಅಳೆಯಿರಿ. ಫೇಸ್ ಫೇಸ್ ನಡುವೆ 400-415, ಪ್ರತಿ ಫೇಸಿನಿಂದ ನ್ಯೂಟ್ರಲ್‌ಗೆ 220-240. ಒಂದು ಫೇಸ್ 180, ಇನ್ನೊಂದು 270 ಎಂದು ಬಂದರೆ ನ್ಯೂಟ್ರಲ್ ಎಲ್ಲೋ ಬಿಟ್ಟಿದೆ. ಅಲ್ಲಿಗೆ ನಿಲ್ಲಿಸಿ.

5. ಒಂದು ಫೇಸಿಗೆ ಎರಡು ಪಾರ್ ಹಾಕಿ ಮತ್ತೆ ಅಳೆಯಿರಿ. 2 ಕಿಲೋವಾಟಿಗೇ 10 ವೋಲ್ಟಿಗಿಂತ ಹೆಚ್ಚು ಬಿದ್ದರೆ ಎಲ್ಲೋ ಸಡಿಲ ಜೋಡಣೆ ಇದೆ, ಇಲ್ಲವೇ ಸರ್ವಿಸ್ ವೈರ್ ತೀರಾ ತೆಳು. ಉಳಿದ ಎರಡು ಫೇಸಿಗೂ ಇದೇ ಪರೀಕ್ಷೆ.

ನಾಲ್ಕನೆಯ ಹೆಜ್ಜೆ ಬಿಟ್ಟವರೇ ಹೆಚ್ಚು ನಷ್ಟ ಅನುಭವಿಸುವುದು. ನ್ಯೂಟ್ರಲ್ ಬಿಟ್ಟುಹೋದ ತ್ರೀ ಫೇಸ್ ಲೈನಿನಲ್ಲಿ ಕಡಿಮೆ ಲೋಡ್ ಇರುವ ಫೇಸಿನ ವೋಲ್ಟೇಜ್ 300 ದಾಟುತ್ತದೆ. ಪಾರ್ ಬಲ್ಬು ಒಂದು ಕ್ಷಣ ಬೆಳ್ಳಗೆ ಉರಿದು ಹೋಗುತ್ತದೆ. ಎಲ್‌ಇಡಿ ಪಾರ್, ಲೈಟುಗಳನ್ನು ನಿಯಂತ್ರಿಸುವ ಕನ್ಸೋಲ್, ಆಂಪ್ಲಿಫೈಯರ್‌ಗಳ ಪವರ್ ಸಪ್ಲೈ ಒಟ್ಟಿಗೆ ಸುಡುತ್ತವೆ. ಮಳೆಗಾಲದ ನಂತರ ಸರ್ವಿಸ್ ಲೈನಿನ ನ್ಯೂಟ್ರಲ್ ಜಾಯಿಂಟು ತುಕ್ಕು ಹಿಡಿದಿರುವುದು ಇಲ್ಲಿ ಸಾಮಾನ್ಯ. ಕಂಬದ ಕಡೆಯ ದೋಷವಾದರೆ ನೀವು ಏಣಿ ಹಾಕಬೇಡಿ, 1912ಕ್ಕೆ ದೂರು ಕೊಟ್ಟು ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮ್ಯಾನ್ ಬರುವವರೆಗೆ ಕಾಯಿರಿ.

ಅರ್ಥಿಂಗ್ ಮತ್ತು ಆರ್‌ಸಿಸಿಬಿ

ಗುಡ್ಡದ ಕಲ್ಲು ಮಿಶ್ರಿತ ಮಣ್ಣಿನಲ್ಲಿ ಅರ್ಥ್ ಸಿಗುವುದು ಕಷ್ಟ, ಮಾರ್ಚ್ ಹೊತ್ತಿಗೆ ಇನ್ನೂ ಕಷ್ಟ. ಹಳೆಯ ಹಾಲ್‌ಗಳಲ್ಲಿ ಅರ್ಥ್ ತಂತಿ ಗೋಡೆಯಿಂದ ಹೊರಬಂದು ಹೂವಿನ ಪಾತಿಯಲ್ಲಿ ಮಾಯವಾಗಿರುತ್ತದೆ, ಅದರ ತುದಿಯಲ್ಲಿ ಪೈಪ್ ಉಳಿದಿದೆಯೋ ಇಲ್ಲವೋ ದೇವರೇ ಬಲ್ಲ. ಮೀಟರಿನಲ್ಲಿ ಫೇಸ್-ಅರ್ಥ್ 230 ತೋರಿಸಿತೆಂದು ನಂಬಬೇಡಿ. ಕೆಟ್ಟ ಅರ್ಥ್‌ಗೂ ಮೀಟರ್ 230 ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ.

ಅರ್ಥ್ ಟೆಸ್ಟರ್ ಇದ್ದರೆ ಅದರಲ್ಲೇ ಅಳೆಯಿರಿ. ಇಲ್ಲದಿದ್ದರೆ 200 ವಾಟಿನ ತಂತಿ ಬಲ್ಬನ್ನು ಹೋಲ್ಡರ್‌ಗೆ ಹಾಕಿ ಆರ್‌ಸಿಸಿಬಿಗೆ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಿಗೆ) ಮೊದಲಿನ ಫೇಸಿನಿಂದ ಅರ್ಥ್‌ಗೆ ಕೊಟ್ಟು ನೋಡುವ ಹಳೆಯ ಕ್ರಮ ಇದೆ. ಫೇಸ್-ನ್ಯೂಟ್ರಲ್‌ನಲ್ಲಿ ಉರಿದಷ್ಟೇ ಉರಿದರೆ ತಕ್ಕಮಟ್ಟಿಗೆ ಸರಿ, ಮಂಕಾದರೆ ಅರ್ಥ್ ಕೆಟ್ಟಿದೆ. ಈ ಪರೀಕ್ಷೆಯಲ್ಲೂ ಅಪಾಯವಿದೆ. ಅರ್ಥ್ ಕೆಟ್ಟಿದ್ದರೆ ಆ ಕ್ಷಣಗಳಲ್ಲಿ ಅರ್ಥ್‌ಗೆ ಸೇರಿದ ಪ್ರತಿ ಲೋಹದ ಪೆಟ್ಟಿಗೆಯಲ್ಲೂ ಕರೆಂಟು ಬರುತ್ತದೆ. ಯಾರೂ ಏನನ್ನೂ ಮುಟ್ಟದಂತೆ ಎಲ್ಲರನ್ನೂ ದೂರ ನಿಲ್ಲಿಸಿ, ಎರಡೇ ಸೆಕೆಂಡು ನೋಡಿ ತೆಗೆಯಿರಿ.

ಅರ್ಥ್ ಸಾಲದಿದ್ದರೆ 2 ಮೀಟರ್ ಉದ್ದದ ರಾಡನ್ನು ಸಿಗುವಷ್ಟು ತಗ್ಗಿನ, ತೇವದ ಜಾಗದಲ್ಲಿ ಹೊಡೆಯಿರಿ. ಬಾವಿ ಕಟ್ಟೆಯ ಪಕ್ಕ, ಚರಂಡಿಯ ಬದಿ ಆಗಬಹುದು. ಒಂದು ಸಾಲದೆ ಇನ್ನೊಂದು ಹೊಡೆಯುವುದಾದರೆ ನಡುವೆ ಕನಿಷ್ಠ 2 ಮೀಟರ್ ಬಿಡಿ, ಹತ್ತಿರ ಹೊಡೆದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ.

ಅರ್ಥ್ ಅಷ್ಟಕ್ಕಷ್ಟೇ ಇರುವಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಅರ್ಥ್ ರೆಸಿಸ್ಟೆನ್ಸ್ 50 ಓಮ್ ಇದೆಯೆನ್ನಿ. ಲೈಟಿನ ಲೋಹದ ಮೈಗೆ ಫೇಸ್ ತಾಗಿದರೆ ಹರಿಯುವುದು 230 ಭಾಗ 50, ಅಂದರೆ 4.6 ಆಂಪ್. 10 ಆಂಪಿನ ಎಂಸಿಬಿಗೆ ಅದು ಇನ್ನೊಂದು ಪಾರ್ ಹತ್ತಿಸಿದಂತೆ, ಟ್ರಿಪ್ ಆಗುವುದೇ ಇಲ್ಲ. ಪೈಪ್ ಪೂರ್ತಿ ಕರೆಂಟು ಹೊತ್ತು ಕೂತಿರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಹಾಗೆಂದು ಇಡೀ ವೇದಿಕೆಗೆ ಒಂದೇ 30 ಮಿಲಿಆಂಪಿನದು ಹಾಕಿದರೆ ಕೊಡಗಿನ ತೇವದಲ್ಲಿ ಕೈಕೊಡುತ್ತದೆ. ಹಳೆಯ ಲೈಟು ಒಂದೊಂದರಿಂದ 2-3 ಮಿಲಿಆಂಪ್ ಸೋರಿದರೂ ಹತ್ತು ಲೈಟು ಸೇರಿ ಟ್ರಿಪ್. ಆರು ಸರ್ಕಿಟ್‌ಗೆ ಒಂದರಂತೆ 30ರದ್ದು, ಮೇನ್‌ಗೆ 100 ಅಥವಾ 300 ಮಿಲಿಆಂಪಿನದು ಎಂದು ಹಂಚಿ. ಪದೇ ಪದೇ ಬೀಳುತ್ತಿದ್ದರೆ ಎಲ್ಲ ಪ್ಲಗ್ ಕಿತ್ತು ಒಂದೊಂದೇ ಹಾಕುತ್ತಾ ಬನ್ನಿ, ಕಳ್ಳ ಸಿಕ್ಕೇ ಸಿಗುತ್ತಾನೆ. ‘ಇವತ್ತೊಂದು ದಿನಕ್ಕೆ ಬೈಪಾಸ್ ಮಾಡೋಣ’ ಎಂದು ಸಂಘಟಕರು ಒತ್ತಾಯಿಸುವುದುಂಟು. ಆ ಮಾತಿಗೆ ಸೊಪ್ಪು ಹಾಕಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆಫ್. ಅದು ಕೈಗೆ ಸಿಗದಿದ್ದರೆ ಒಣ ಮರದ ಕೋಲಿನಿಂದ ತಂತಿ ಸರಿಸಿ, ಆಮೇಲೆ ಆಳನ್ನು ಮುಟ್ಟಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100-120ರ ವೇಗದಲ್ಲಿ ಒತ್ತುತ್ತಿರಿ. ಘಟ್ಟದ ದಾರಿಯಲ್ಲಿ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಒತ್ತಲು ಇನ್ನೊಬ್ಬರಿಗೂ ಗೊತ್ತಿರಬೇಕು.

ಜನರೇಟರ್

ಮೇಲೆ ಹೇಳಿದ 18 ಕಿಲೋವಾಟಿಗೆ ಸೌಂಡ್ ಮತ್ತು ಚಿಲ್ಲರೆ ದೀಪಗಳನ್ನು ಸೇರಿಸಿ 21 ಎಂದಿಟ್ಟುಕೊಳ್ಳಿ. 25 ಕೆವಿಎ ಜನರೇಟರ್ ಕೊಡುವುದು 20 ಕಿಲೋವಾಟ್, ಸಾಲದು. 40 ಕೆವಿಎ ಎಂದರೆ 32 ಕಿಲೋವಾಟ್, ಅದು ನಿರಾಳವಾಗಿ ಓಡುತ್ತದೆ. ತುಂಬಾ ದೊಡ್ಡದು ತಂದು ಕಾಲು ಭಾಗ ಲೋಡಿನಲ್ಲಿ ಓಡಿಸುವುದೂ ಎಂಜಿನ್ನಿಗೆ ಒಳ್ಳೆಯದಲ್ಲ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕೊಡಗಿನಲ್ಲಿ ಅದೇ ಸಿಗುವುದಿಲ್ಲ. ಇಳಿಜಾರಿನಲ್ಲಿ ಆಯಿಲ್ ಒಂದು ಕಡೆ ಸರಿದು, ಆಯಿಲ್ ಸಾಲದೆಂದು ಎಂಜಿನ್ ತಾನಾಗಿಯೇ ನಿಂತುಬಿಡುತ್ತದೆ, ಸಾಮಾನ್ಯವಾಗಿ ಕ್ಲೈಮ್ಯಾಕ್ಸ್‌ನಲ್ಲಿ. ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿ. ಹೊಗೆ ಮತ್ತು ಸದ್ದು ಪ್ರೇಕ್ಷಕರತ್ತ ಬಾರದಂತೆ ಗಾಳಿಯ ದಿಕ್ಕು ನೋಡಿ. ಡೀಸೆಲ್ ನಾಟಕಕ್ಕೆ ಮೊದಲೇ ತುಂಬಿಸಿ, ಬಿಸಿ ಎಂಜಿನ್ನಿಗೆ ನಡುವೆ ಸುರಿಯಬೇಡಿ.

ಲೈನೋ ಜನರೇಟರೋ ಒಂದನ್ನು ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಹಾಲ್‌ನ ವೈರಿಂಗಿಗೆ ಸೇರಿಸುವಂತೆಯೇ ಇಲ್ಲ. ನೀವು ಉತ್ಪಾದಿಸಿದ ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿ 11 ಸಾವಿರ ವೋಲ್ಟಾಗಿ ಹಿಂದಕ್ಕೆ ಹೋಗಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್‌ನ ಪ್ರಾಣ ತೆಗೆಯಬಲ್ಲದು. ನ್ಯೂಟ್ರಲ್ ಕೂಡ ಬದಲಾಗುವ ನಾಲ್ಕು ಪೋಲಿನ ಚೇಂಜ್‌ಓವರ್ ಇರಲಿ. ಸ್ವಿಚ್ ತಿರುಗಿಸುವ ಮೊದಲು ಎಲ್ಲ ಲೈಟನ್ನೂ ಒಟ್ಟಿಗೆ ಇಳಿಸುವ ಮಾಸ್ಟರ್ ಹಿಡಿಯನ್ನು ಸೊನ್ನೆಗೆ ತನ್ನಿ. ತಣ್ಣಗಿನ ತಂತಿ ಬಲ್ಬು ಹತ್ತುವ ಕ್ಷಣದಲ್ಲಿ ಮಾಮೂಲಿಯ ಹತ್ತು ಪಟ್ಟಿಗೂ ಹೆಚ್ಚು ಕರೆಂಟು ಎಳೆಯುತ್ತದೆ. 18 ಬಲ್ಬು ಒಮ್ಮೆಗೇ ಎಳೆದರೆ ಜನರೇಟರ್ ಏದುಸಿರು ಬಿಟ್ಟು ನಿಲ್ಲುತ್ತದೆ.

ಕೇಬಲ್ ಎಳೆಯುವುದು

ಪ್ರತಿ ಲೈಟಿಗೆ 2.5 ಚದರ ಮಿ.ಮೀ. ಮೂರು ಕೋರಿನ ಫ್ಲೆಕ್ಸಿಬಲ್ ತಾಮ್ರದ ಕೇಬಲ್. 50 ಮೀಟರಿಗೆ 2 ಕಿಲೋವಾಟ್ ಒಯ್ದರೆ ಇದರಲ್ಲಿ ಸುಮಾರು 8 ವೋಲ್ಟ್ ಕಳೆಯುತ್ತದೆ. 1.5ರದ್ದಾದರೆ 12-13 ವೋಲ್ಟ್. ಮೊದಲೇ ವೋಲ್ಟೇಜ್ ಇಲ್ಲದ ಊರಿನಲ್ಲಿ ಅದನ್ನೂ ಕಳೆದುಕೊಳ್ಳುವುದೇಕೆ? ಮೇನ್‌ನಿಂದ ಡಿಮ್ಮರ್‌ಗೆ 32 ಆಂಪಿನ ಲೈನಾದರೆ 10 ಚ.ಮಿ.ಮೀ., 63 ಆಂಪಿನದಾದರೆ 16. ಡಿಮ್ಮರ್ ವೇದಿಕೆಯ ಪಕ್ಕದಲ್ಲೇ ಇರಲಿ, ದೂರ ಓಡುವುದು ದಪ್ಪ ಕೇಬಲ್ ಒಂದೇ ಆಗಲಿ.

ಉಳಿದ ಕೇಬಲನ್ನು ಸುರುಳಿಯಲ್ಲೇ ಬಿಡಬೇಡಿ. ಡ್ರಮ್‌ನಲ್ಲಿ ಸುತ್ತಿದಂತೆಯೇ ಲೋಡ್ ಹಾಕಿದರೆ ಬಿಸಿ ಹೊರಹೋಗದೆ ಒಳಪದರದ ಪಿವಿಸಿ ಕರಗಿ ತಂತಿಗಳು ಕೂಡಿಬಿಡುತ್ತವೆ. ಪೂರ್ತಿ ಬಿಚ್ಚಿ ವೇದಿಕೆಯ ಹಿಂದೆ ಉದ್ದುದ್ದ ಮಡಚಿ ಹಾಸಿ.

ಬಯಲಿನಲ್ಲಿ ಜಾಯಿಂಟ್‌ಗಳನ್ನು ನೆಲದಿಂದ ಎತ್ತಿ ಕಟ್ಟಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟೇಪ್ ಬಿಗಿಯುವುದು ಎಲ್ಲರ ಅಭ್ಯಾಸ, ಆದರೆ ನೀರು ಒಳಗೆ ಸೇರಿದರೆ ಹೊರಬರದು, ರಾತ್ರಿಯ ಮಂಜು ಸಾಕು. ಮೇಲೆ ಮಾತ್ರ ಕವರ್ ಮುಚ್ಚಿ, ಕೆಳಗೆ ತೆರೆದಿಡಿ. ಕೇಬಲ್ ಜಾಯಿಂಟಿಗಿಂತ ಒಂದು ಗೇಣು ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಿ ಬರಲಿ. ಹರಿದುಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ.

ಸೌಂಡಿನವರ ಜೊತೆ ಜಗಳ ಬಾರದಿರಲು ಮೈಕ್ ಕೇಬಲಿನ ಪಕ್ಕ ಡಿಮ್ಮರ್ ಕೇಬಲ್ ಓಡಿಸಬೇಡಿ. ಕನಿಷ್ಠ ಒಂದಡಿ ಅಂತರ ಬೇಕು. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಅವರಿಗೆ ಡಿಮ್ಮರ್‌ಗೆ ಮೊದಲಿನ ಬೇರೆ ಲೈನು ಕೊಟ್ಟರೆ ‘ಗುಂಯ್’ ಎನ್ನುವ ಸದ್ದು ಮುಕ್ಕಾಲು ಪಾಲು ಹೋಗುತ್ತದೆ.

ಮೇಲೇರಿಸುವುದು

ಲೈಟ್ ಕಟ್ಟಲು ಒಂದೂವರೆ ಇಂಚಿನ ಜಿಐ ಪೈಪ್ ಸರಿ. ಪಾರ್ ಒಂದು ಸುಮಾರು 3-4 ಕೆಜಿ, ಮುಂದೆ ಲೆನ್ಸ್ ಇರುವ ಫ್ರೆನೆಲ್ ಲೈಟು ಅದರ ಎರಡರಷ್ಟು. ಬಯಲಿನಲ್ಲಿ ಬಿದಿರು, ಅಡಿಕೆ ಮರದ ಚಪ್ಪರಕ್ಕೇ ಕಟ್ಟೋಣ ಎನ್ನುತ್ತಾರೆ. ಚಪ್ಪರ ತನ್ನ ಭಾರ ತಾನು ಹೊರಲಿ, ಲೈಟಿಗೆ ಬೇರೆ ಕಂಬ ನಿಲ್ಲಿಸಿ. ಪ್ರತಿ ಲೈಟಿಗೂ ಕ್ಲ್ಯಾಂಪ್ ಬಿಟ್ಟು ಪ್ರತ್ಯೇಕ ಸೇಫ್ಟಿ ಚೈನ್ ಬೇಕು. ಪ್ಲಾಸ್ಟಿಕ್ ಟೈ, ಸೆಣಬಿನ ಹಗ್ಗ ಬಿಸಿಗೆ ನಿಲ್ಲುವುದಿಲ್ಲ. ಪರದೆ, ಶಾಮಿಯಾನ ಬಟ್ಟೆಯಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ.

ಏಣಿಯ ವಿಷಯ ಇಲ್ಲಿ ಬೇರೆಯಾಗಿಯೇ ಹೇಳಬೇಕು. ಊರಲ್ಲಿ ಸಲೀಸಾಗಿ ಸಿಗುವುದು ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ. ಹಗುರ, ಉದ್ದ, ಯಾರನ್ನು ಕೇಳಿದರೂ ತಂದುಕೊಡುತ್ತಾರೆ. ತೋಟದಲ್ಲಿ ಅದು ಲೈನಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ಕರೆಂಟಿನ ಕೆಲಸಕ್ಕೆ ಅದು ಬೇಡವೇ ಬೇಡ. ಫೈಬರ್ ಏಣಿ ಇಲ್ಲವೇ ಒಣಗಿದ ಮರದ ಏಣಿ, ಕೆಳಗೆ ಹಿಡಿಯಲು ಒಬ್ಬರು. ಮೇಲಿದ್ದವರ ಸ್ಪ್ಯಾನರ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿರಲಿ.

ಪಾರ್ ಒಳಗಿನ ಕೆಲಸದಲ್ಲಿ ಗಮನಿಸಬೇಕಾದ್ದು ಪಿಂಗಾಣಿ ಸಾಕೆಟ್. ಬೆನ್ನಿನ ಮುಚ್ಚಳ ತೆಗೆದು ಅದರ ಎರಡು ಹಿಡಿಗಳನ್ನು ನೋಡಿ. ಹೊಳೆಯುವ ಬದಲು ಕಪ್ಪಾಗಿ, ಬಲ್ಬಿನ ಪಿನ್ನೂ ಚುಚ್ಚಿದಂತೆ ಗುಳಿಬಿದ್ದಿದ್ದರೆ ಸಾಕೆಟ್ ಬದಲಿಸಿ. ಸಡಿಲ ಸಾಕೆಟ್‌ಗೆ ಹೊಸ ಬಲ್ಬು ಹಾಕಿದರೆ ಅದೂ ಎರಡು ಪ್ರದರ್ಶನಕ್ಕೆ ಹೋಗುತ್ತದೆ. ಸಾಕೆಟ್‌ನಿಂದ ಹೊರಬರುವ ತಂತಿ ಬಿಸಿ ತಾಳುವ ಸಿಲಿಕಾನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯದ್ದೇ ಆಗಬೇಕು. ಮಾಮೂಲಿ ಪಿವಿಸಿ ವೈರ್ ಹಾಕಿ ‘ರಿಪೇರಿ’ ಮಾಡಿದ ಲೈಟುಗಳು ಬಾಡಿಗೆ ಸೆಟ್‌ನಲ್ಲಿ ಧಾರಾಳವಾಗಿ ಸಿಗುತ್ತವೆ, ವಾಪಸ್ ಕಳಿಸಿ. ಪಾರ್ ಬಲ್ಬಿನಲ್ಲಿ ಸಿಪಿ60ರ ಬೆಳಕು ಕಿರಿದು, ಸಿಪಿ61ರದ್ದು ಮಧ್ಯಮ, ಸಿಪಿ62ರದ್ದು ಅಗಲ. ಬೆಳಕು ಮೊಟ್ಟೆಯಾಕಾರದಲ್ಲಿ ಬೀಳುವುದರಿಂದ ಹಿಂದಿನಿಂದ ಸಾಕೆಟ್ ತಿರುಗಿಸಿ ಉದ್ದವೋ ಅಡ್ಡವೋ ಮಾಡಿಕೊಳ್ಳಬಹುದು. ಫ್ರೆನೆಲ್ ಮತ್ತು ಬೆಳಕಿನ ಅಂಚು ಕತ್ತರಿಸಬಲ್ಲ ಪ್ರೊಫೈಲ್ ಲೈಟಿನ ಬರಿಯ ಹ್ಯಾಲೊಜೆನ್ ಬಲ್ಬನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ. ಚರ್ಮದ ಜಿಡ್ಡು ಅಂಟಿದಲ್ಲಿ ಗಾಜು ಊದಿಕೊಂಡು ಒಡೆಯುತ್ತದೆ.

ಎಲ್‌ಇಡಿ ಮತ್ತು ಡಿಎಂಎಕ್ಸ್

ಎಲ್‌ಇಡಿ ಪಾರ್ ಬಂದ ಮೇಲೆ ಲೋಡಿನ ತಲೆಬಿಸಿ ಅರ್ಧ ಕಡಿಮೆಯಾಗಿದೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಕುಗ್ಗುವುದಿಲ್ಲ. ಎಚ್ಚರ ವಹಿಸಬೇಕಾದ್ದು ಒಂದೆರಡರಲ್ಲಿ.

ಎಲ್‌ಇಡಿಗೆ ನೇರ ಕರೆಂಟು ಕೊಡಿ, ಡಿಮ್ಮರ್ ಚಾನೆಲ್‌ನಿಂದ ಕೊಡಬೇಡಿ. ಮಿನುಗುತ್ತದೆ, ಕೊನೆಗೆ ಸುಡುತ್ತದೆ. ಕನ್ಸೋಲ್ ಲೈಟುಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್‌ನಲ್ಲಿ ಪ್ರತಿ ಲೈಟಿಗೆ ಅಡ್ರೆಸ್, ಅಂದರೆ ಶುರುವಿನ ಚಾನೆಲ್ ಸಂಖ್ಯೆ, ಕೊಡುವಾಗ ಲೈಟು ಎಷ್ಟು ಚಾನೆಲಿನದು ನೋಡಿ. 7 ಚಾನೆಲಾದರೆ 1, 8, 15, 22. 8 ಆದರೆ 1, 9, 17, 25. ಒಂದು ಲೈಟಿನ ಕೆಂಪು ಏರಿಸಿದರೆ ಪಕ್ಕದ್ದು ಮಿನುಗುತ್ತಿದ್ದರೆ ಇಲ್ಲೇ ಲೆಕ್ಕ ತಪ್ಪಿದೆ.

ಡಿಎಂಎಕ್ಸ್ ಕೇಬಲ್ ಒಂದು ಲೈಟಿನಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗಬೇಕು, ನಡುವೆ ಕವಲು ಒಡೆಯಬಾರದು. ಒಂದು ಸಾಲಿಗೆ 32 ಉಪಕರಣ ಮಿತಿ. ಕೊನೆಯ ಲೈಟಿನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಇರುವ ಟರ್ಮಿನೇಟರ್ ಹಾಕಿ. ರಿಹರ್ಸಲ್‌ನಲ್ಲಿ ಸರಿಯಿದ್ದು ಸಂಜೆ ಲೈಟುಗಳು ದೆವ್ವ ಹಿಡಿದಂತೆ ಕುಣಿದರೆ ಮೊದಲು ನೋಡಬೇಕಾದ್ದು ಈ ಟರ್ಮಿನೇಟರ್, ಆಮೇಲೆ ಮೈಕ್ ಕೇಬಲನ್ನು ಯಾರಾದರೂ ನಡುವೆ ಸೇರಿಸಿದ್ದಾರೆಯೇ ಎಂಬುದು.

ಫೋಕಸ್

ಮುಂಬೆಳಕು ನಟನ ಮುಖಕ್ಕೆ ಮೇಲಿನಿಂದ 45 ಡಿಗ್ರಿಯಲ್ಲಿ ಬೀಳಬೇಕು. ಪೈಪ್ ವೇದಿಕೆಯ ನೆಲದಿಂದ 14 ಅಡಿ, ಮುಖ 5 ಅಡಿ ಎತ್ತರದಲ್ಲಿದ್ದರೆ ವ್ಯತ್ಯಾಸ 9 ಅಡಿ. ಅಂದರೆ ನಟನಿಂದ 9 ಅಡಿ ಮುಂದೆ ಪೈಪ್ ಇರಬೇಕು. ಹಾಲ್‌ನ ಹಿಂಗೋಡೆಯಿಂದ ಚಪ್ಪಟೆಯಾಗಿ ಬಿಟ್ಟರೆ ನಟನಿಗಿಂತ ದೊಡ್ಡ ನೆರಳು ಹಿಂಪರದೆಯ ಮೇಲೆ ನಟಿಸುತ್ತದೆ. ಬಯಲಿನಲ್ಲಿ ಹಗಲು ಫೋಕಸ್ ಆಗದು, ಹಿಂದಿನ ರಾತ್ರಿಯೇ ಮುಗಿಸಿ. ಫೋಕಸ್ ಮಾಡುವಾಗ ಒಬ್ಬರು ನಟನ ಜಾಗದಲ್ಲಿ ನಿಲ್ಲಲಿ. ಬರಿಯ ನೆಲ ನೋಡಿ ಮಾಡಿದ ಫೋಕಸಿನಲ್ಲಿ ಎಲ್ಲರ ಕಾಲು ಬೆಳಗಿ ತಲೆ ಕತ್ತಲಲ್ಲಿರುತ್ತದೆ.

ಕೊಡವ ಉಡುಪಿನ ನಾಟಕಕ್ಕೆ ಹಿಂಬೆಳಕು ಬಿಟ್ಟು ಹೋಗದು. ಕಪ್ಪು ಕುಪ್ಯ (ಕೊಡವರ ನಿಲುವಂಗಿ) ತೊಟ್ಟ ನಟ ಕಪ್ಪು ಹಿಂಪರದೆಯ ಮುಂದೆ ನಿಂತರೆ ಮುಖ, ಕೈ, ಸೊಂಟಕ್ಕೆ ಕಟ್ಟಿದ ಕೆಂಪು ಚೇಲೆ ಮಾತ್ರ ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ. ಮುಂಬೆಳಕು ಹೆಚ್ಚಿಸಿದರೆ ಮುಖ ಸುಣ್ಣ ಬಳಿದಂತಾಗುತ್ತದೆಯೇ ಹೊರತು ಕುಪ್ಯ ಕಾಣುವುದಿಲ್ಲ. ಹಿಂದಿನಿಂದ ಎರಡು ಪಾರ್ ಭುಜದ ಮೇಲೆ ಬಿದ್ದರೆ ಅಂಚು ಹಿಡಿದು ಇಡೀ ಆಳು ಹೊರಗೆ ಬರುತ್ತಾನೆ. ನೀಲಿ ಅಥವಾ ಹಸಿರು ಬೆಳಕಿನಲ್ಲಿ ಆ ಕೆಂಪು ಚೇಲೆಯೂ ಕಪ್ಪಾಗುತ್ತದೆ, ರಾತ್ರಿಯ ದೃಶ್ಯಕ್ಕೆ ನೀಲಿಯ ಜೊತೆ ಪಕ್ಕದಿಂದ ಸ್ವಲ್ಪ ಬಿಳಿ ಸೇರಿಸಿ. ಸೊಂಟದಲ್ಲಿನ ಬೆಳ್ಳಿಯ ಪೀಚೆಕತ್ತಿ ಪಕ್ಕದ ಬೆಳಕಿಗೆ ಫಳ್ಳೆಂದು ಹೊಡೆದು ಮುಂದಿನ ಸಾಲಿನವರ ಕಣ್ಣಿಗೆ ಬೀಳುವುದುಂಟು. ಆ ಲೈಟಿನ ಬೆಳಕು ಸೊಂಟಕ್ಕಿಂತ ಮೇಲೆ ಮಾತ್ರ ಬೀಳುವಂತೆ ಕೆಳಗಿನ ಭಾಗ ತಡೆಯಿರಿ.

ಮಂಜು ಇಳಿಯುವ ರಾತ್ರಿ ಬಯಲಿನಲ್ಲಿ ಮುಂಬೆಳಕು ಏರಿಸಿದಷ್ಟೂ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಅದನ್ನು ಇಳಿಸಿ, ಪಕ್ಕದ್ದನ್ನು ಏರಿಸಿ.

ಪ್ರದರ್ಶನ

ಕ್ಯೂ ಶೀಟಿನಲ್ಲಿ, ಅಂದರೆ ಯಾವಾಗ ಯಾವ ಬೆಳಕು ಬದಲಿಸಬೇಕೆಂಬ ಪಟ್ಟಿಯಲ್ಲಿ, ನಾಲ್ಕು ಕಾಲಂ ಸಾಕು: ಕ್ಯೂ ಸಂಖ್ಯೆ, ಯಾವ ಮಾತಿಗೆ ಅಥವಾ ಚಲನೆಗೆ, ಏನು ಎಷ್ಟಕ್ಕೆ, ಎಷ್ಟು ಸೆಕೆಂಡಿನಲ್ಲಿ. ಪೆನ್ಸಿಲಿನಲ್ಲಿ ಬರೆಯಿರಿ, ನಿರ್ದೇಶಕರು ಬದಲಿಸುತ್ತಲೇ ಇರುತ್ತಾರೆ. ಪ್ರೇಕ್ಷಕರನ್ನು ಒಳಬಿಡುವ ಮೊದಲು ಎಲ್ಲ ತಂತಿ ಬಲ್ಬುಗಳನ್ನು 10-15 ಶೇಕಡಾದಲ್ಲಿ ಹತ್ತು ನಿಮಿಷ ಉರಿಸಿ. ತಣ್ಣಗಿನ ಬಲ್ಬು ಮೊದಲ ಕ್ಯೂನಲ್ಲೇ ಹೋಗುವುದು ತಪ್ಪುತ್ತದೆ, ಒಳಗಿನ ತೇವವೂ ಆರುತ್ತದೆ. ಕನ್ಸೋಲಿಗೆ 600 ವಿಎ ಯುಪಿಎಸ್ ಒಂದು ಇರಲಿ. ಕರೆಂಟು ಹೋಗಿ ಬಂದಾಗ ಕನ್ಸೋಲ್ ಎಚ್ಚರವಾಗಲು ತೆಗೆದುಕೊಳ್ಳುವ ಒಂದು ನಿಮಿಷ ಸಭೆಯಲ್ಲಿ ಒಂದು ಯುಗ.

ಕರೆಂಟು ಹೋದರೆ ಏನು ಮಾಡಬೇಕೆಂದು ನಟರಿಗೆ ಮೊದಲೇ ಹೇಳಿರಿ. ಇದ್ದಲ್ಲೇ ನಿಲ್ಲಬೇಕು, ಕತ್ತಲಲ್ಲಿ ಮೆಟ್ಟಿಲು ಹುಡುಕಬಾರದು. ಚಾರ್ಜಿಂಗ್ ದೀಪ ಒಂದನ್ನು ಸೈಡ್ ವಿಂಗ್‌ನಲ್ಲಿ, ಇನ್ನೊಂದನ್ನು ಪ್ರೇಕ್ಷಕರ ಬಾಗಿಲಲ್ಲಿ ಇಡಿ. ಡಿಮ್ಮರ್ ಬಳಿ 2 ಕೆಜಿಯ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕು. ನೀರಿನ ಬಕೆಟ್ ಅಲ್ಲಿ ಇಡಲೇಬೇಡಿ.

ಕಳಚಿದ ಮೇಲೆ

ಪರದೆ ಬಿದ್ದ ಕೂಡಲೇ ಬಿಚ್ಚಲು ಹೋಗಬೇಡಿ, ಬಿಸಿ ಬಲ್ಬಿನ ತಂತಿ ಸಣ್ಣ ಪೆಟ್ಟಿಗೂ ತುಂಡಾಗುತ್ತದೆ. 20 ನಿಮಿಷ ಬಿಟ್ಟು ಶುರು ಮಾಡಿ. ಬಯಲಿನಲ್ಲಿ ಮಳೆಹನಿ ಬಂದರೆ ಬಿಸಿ ಲೆನ್ಸಿಗೆ ನೀರು ತಾಗುವ ಮೊದಲೇ ಲೈಟ್ ಆರಿಸಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ದಕ್ಷಿಣ ಕೊಡಗಿನ ತೋಟದ ದಾರಿಯಲ್ಲಿ ನಡುರಾತ್ರಿ ಲೋಡ್ ಗಾಡಿ ಹೊರಡುವುದಾದರೆ ಆನೆಯ ಸುದ್ದಿ ಕೇಳಿಕೊಂಡು ಹೊರಡಿ. ಸಾಮಾನನ್ನು ಹಾಲ್‌ನಲ್ಲೇ ಬೀಗ ಹಾಕಿಟ್ಟು ಬೆಳಿಗ್ಗೆ ಒಯ್ಯುವುದು ಎಷ್ಟೋ ಮೇಲು.

ಒದ್ದೆಯಾದ ಲೈಟನ್ನು ಪೆಟ್ಟಿಗೆಗೆ ತುಂಬಬೇಡಿ. ಕೇಬಲ್‌ಗಳನ್ನು ಒರೆಸಿ, ಪ್ಲಗ್ ಟಾಪ್ ಬಿಚ್ಚಿ ಒಳಗೆ ಹಸಿರು ಕಟ್ಟಿದೆಯೇ ನೋಡಿ. ಮಳೆಗಾಲದ ನಾಲ್ಕು ತಿಂಗಳು ಸುಮ್ಮನೆ ಇಟ್ಟ ಲೈಟಿನ ಲೆನ್ಸಿಗೆ ಬೂಷ್ಟು, ಬೆಳಕಿಗೆ ಬಣ್ಣ ಕೊಡುವ ಜೆಲ್ ಹಾಳೆಗಳಿಗೆ ಅಂಟು, ಡಿಮ್ಮರ್ ಒಳಗೆ ಇರುವೆ ಗೂಡು ಖಾತ್ರಿ. ಬಾಗಿಲು ಮುಚ್ಚುವ ಮರದ ಕಪಾಟಿನಲ್ಲಿ ಕೆಳಗೆ 40 ವಾಟಿನ ತಂತಿ ಬಲ್ಬೊಂದನ್ನು ಜಾಲರಿಯೊಳಗೆ ಹಾಕಿ ಸದಾ ಉರಿಸುವುದು ಇಲ್ಲಿ ಪರೀಕ್ಷೆಗೊಂಡ ಉಪಾಯ. ಜೆಲ್ ಹಾಳೆಗಳ ನಡುವೆ ಕಾಗದ ಇಡಿ. ಡಿಮ್ಮರ್‌ನ ತೂತುಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಕಟ್ಟಿ. ಸೆಪ್ಟೆಂಬರ್ ಕೊನೆಗೆ ಹೊರತೆಗೆದಾಗ ಪ್ರತಿ ಲೈಟನ್ನೂ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ನೋಡಿ. ಲೋಹದ ಮೈಗೂ ತಂತಿಗೂ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಲ್ಬು ಮತ್ತು ಜೆಲ್ ತೆಗೆದು ಎರಡು ದಿನ ಬಿಸಿಲಿಗೆ ಇಟ್ಟು ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಸಾಕೆಟ್ ಮತ್ತು ಒಳಗಿನ ವೈರನ್ನು ಬದಲಿಸಿ, ಅರ್ಥ್ ಸ್ಕ್ರೂವಿನ ಕೆಳಗಿನ ಪೇಂಟ್ ಉಜ್ಜಿ ತೆಗೆದು ಬಿಗಿದ ನಂತರವೇ ಮತ್ತೆ ಸೆಟ್ಟಿಗೆ ಸೇರಿಸಿ.